ಮನೆ ಹಿಂದೆ 14 ಅಡಿ ಧರೆ, ಮುಂದೆ ಕೊಚ್ಚಿ ಹೋಗುತ್ತಿರುವ ಅಂಗಳ: ಮಳೆಗೆ ಮೊದಲು ಯಾವ ಕೆಲಸ?

ಕುಮಾರಧಾರೆ_ಬದಿ

ಸುಳ್ಯ ಕಡೆಯ ಗುಡ್ಡದ ಜಾಗ, 12 ಸೆಂಟ್ಸ್. ಜೆಸಿಬಿಯಲ್ಲಿ ಗುಡ್ಡ ಕಡಿದು ಮಟ್ಟ ಮಾಡಿ ಮನೆ ಕಟ್ಟಿದ್ದು. ಮಾಡು (ಛಾವಣಿ) ಸುಮಾರು 1,000 ಚದರಡಿ, ಸೂರಿನ ನೀರು ಹಿಡಿಯುವ ದಂಬೆ ಇಲ್ಲ.

ಹಿಂದೆ: ಧರೆಯ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯ) ಎತ್ತರ 14 ಅಡಿ, ಉದ್ದ 30 ಅಡಿ, ನೆಟ್ಟಗೆ ಕಡಿದದ್ದು. ಮನೆಯ ಹಿಂಗೋಡೆಗೂ ಧರೆಗೂ 7 ಅಡಿ ಅಂತರ. ಮೇಲಿನ 5 ಅಡಿ ಗಟ್ಟಿ ಮುರ (ಕೆಂಪುಕಲ್ಲು). ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಬೆರೆತ ಮೆತ್ತನೆ ಮಣ್ಣು. ಮೆತ್ತನೆ ಭಾಗ ವರ್ಷ ವರ್ಷ ಒಳಕ್ಕೆ ಕೊರೆದು, ಮೇಲಿನ ಮುರ ಒಂದೂವರೆ ಅಡಿಯಷ್ಟು ಮುಂದಕ್ಕೆ ಚಾಚಿಕೊಂಡಿದೆ. ಧರೆಯ ನೆತ್ತಿಯಿಂದ ಹಿಂದಕ್ಕೆ 25 ಅಡಿ ನಮ್ಮದೇ ಜಾಗ, ಅಂಚಿನಲ್ಲೇ ನಾಲ್ಕು ಅಕೇಶಿಯಾ ಮರ. ಆಚೆ ಪಕ್ಕದವರ ರಬ್ಬರ್ ತೋಟ, ಸುಮಾರು ಒಂದೆಕರೆಯ ನೀರು ನಮ್ಮ ಕಡೆಗೇ ಇಳಿಯುತ್ತದೆ.

ಮುಂದೆ: ಕಡಿದ ಮಣ್ಣನ್ನೇ ಮುಂದಕ್ಕೆ ತಳ್ಳಿ ಅಂಗಳ ಮಾಡಿದ್ದು. ಮನೆಯ ಎಡ ಮೂಲೆಯಲ್ಲಿ ಮಣ್ಣು ತೊಳೆದುಹೋಗಿ ಪಂಚಾಂಗದ (ಅಡಿಪಾಯದ) ಕಲ್ಲು 5 ಇಂಚು ಹೊರಗೆ ಕಾಣುತ್ತದೆ. ಅಂಗಳದ ಕೊನೆಗೆ ಕೆಂಪುಕಲ್ಲಿನ 6 ಅಡಿ ಪಾಗಾರ (ಆವರಣದ ಗೋಡೆ), ಒಂದೇ ಕಲ್ಲಿನ ದಪ್ಪ. ನಡುವೆ ಹೊಟ್ಟೆ ಬಂದಿದೆ.

ಮಳೆ ಹಿಡಿಯಲು ಆರೇಳು ವಾರ ಉಂಟು. ಗುತ್ತಿಗೆದಾರರು ಹೇಳುವುದು ಹಿಂದೆ ಕಾಂಕ್ರೀಟ್ ತಡೆಗೋಡೆ, ಮುಂದೆ ಇಂಟರ್‌ಲಾಕ್. ಹಣ ಈ ವರ್ಷ ಒಂದಕ್ಕೆ ಮಾತ್ರ ಸಾಕು. ಯಾವುದನ್ನು ಮೊದಲು ಮಾಡುವುದು?

ತೋಡು_ಕಣಿ

ಈ ವರ್ಷ ಎರಡೂ ಬೇಡ ಮಾರಾಯ್ರೇ. ಮೊದಲು ನೆತ್ತಿಯ ಮೇಲೆ ಕಣಿ (ನೀರು ಹರಿಯುವ ಚರಂಡಿ), ಆಮೇಲೆ ಮಾಡಿಗೆ ದಂಬೆ. ಈ ಎರಡು ಕೆಲಸ ಆಗದೆ ಗೋಡೆ ಕಟ್ಟಿದರೆ ಗೋಡೆಯ ಹಿಂದೆ ನೀರು ನಿಲ್ಲುತ್ತದೆ, ಇಂಟರ್‌ಲಾಕ್ ಹಾಕಿದರೆ ಅದರ ಅಡಿಯಲ್ಲಿ ನೀರು ಓಡುತ್ತದೆ.

ಲೆಕ್ಕ ನೋಡಿ. ಒಂದೆಕರೆ ಅಂದರೆ ಸುಮಾರು 4,000 ಚದರ ಮೀಟರ್. ಗಂಟೆಗೆ 60 ಮಿ.ಮೀ. ಮಳೆ ಬಿದ್ದು ಅರ್ಧ ಇಂಗಿ ಅರ್ಧ ಹರಿದರೂ ಗಂಟೆಗೆ 1,20,000 ಲೀಟರ್, ಸೆಕೆಂಡಿಗೆ 33 ಲೀಟರ್. ಇಷ್ಟು ನೀರು ಈಗ ನಿಮ್ಮ ಧರೆಯ ಅಂಚಿನಿಂದ ಕೆಳಗೆ ಬೀಳುತ್ತಿದೆ.

ಕಣಿ ಅಂಚಿನಲ್ಲೇ ಬೇಡ. ನೆತ್ತಿಯಿಂದ ಕನಿಷ್ಠ 8–10 ಅಡಿ ಹಿಂದೆ ಇರಲಿ. ಧರೆ ಬಿರಿಯುವುದಾದರೆ ಮೊದಲ ಬಿರುಕು ಆ ಅಂಚಿನ ಪಟ್ಟಿಯಲ್ಲೇ ಬರುವುದು. ಕಣಿಯೂ ಅಲ್ಲೇ ಇದ್ದರೆ ನೀರೆಲ್ಲ ನೇರ ಬಿರುಕಿನೊಳಗೆ. ಅಗಲ ಒಂದೂವರೆ ಅಡಿ, ಆಳ ಒಂದೂವರೆ ಅಡಿ. ಇಳಿಜಾರು 100ಕ್ಕೆ 1, ಅಂದರೆ ಪ್ರತಿ 10 ಮೀಟರಿಗೆ 10 ಸೆಂ.ಮೀ. ಕಣ್ಣಂದಾಜು ಆಗುವುದಿಲ್ಲ, ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಲೆವೆಲ್ ಹಾಕಿ. ಈ ಅಳತೆಯ ಕಣಿ ಅರ್ಧ ಮಟ್ಟಕ್ಕೆ ತುಂಬಿ ಹರಿದರೂ ಸೆಕೆಂಡಿಗೆ 70–80 ಲೀಟರ್ ಸಾಗಿಸುತ್ತದೆ. ರಬ್ಬರ್ ಎಲೆ, ಕಡ್ಡಿ ಬಿದ್ದು ಸ್ವಲ್ಪ ಕಟ್ಟಿದರೂ ತೊಂದರೆ ಇಲ್ಲದಷ್ಟು ಜಾಗ ಉಳಿಯುತ್ತದೆ.

ಅಗೆದ ಮಣ್ಣನ್ನು ಕಣಿಗೂ ಧರೆಗೂ ನಡುವೆ ರಾಶಿ ಹಾಕಬೇಡಿ. ಅಂಚಿನ ಮೇಲೆ ಭಾರ ಹೇರಿದ ಹಾಗಾಗುತ್ತದೆ. ಮುಂದೆ ಪಂಚಾಂಗದ ಮೂಲೆಗೆ ಮಣ್ಣು ಬೇಕಲ್ಲ, ಅಲ್ಲಿಗೆ ಸಾಗಿಸಿ.

ಕಣಿಯ ತಳ ಮಣ್ಣಿನದೇ ಬಿಟ್ಟರೆ ಅರ್ಧ ನೀರು ಅಲ್ಲೇ ಇಂಗಿ ಧರೆಯೊಳಗೆ ಇಳಿಯುತ್ತದೆ. ಈ ವರ್ಷಕ್ಕೆ 500 ಮೈಕ್ರಾನಿನ ಶೀಟು ಹಾಸಿ, ಎರಡೂ ದಡದಲ್ಲಿ ಒಂದಡಿ ಮಡಚಿ ಮಣ್ಣಿನಲ್ಲಿ ಹೂತು ಕಲ್ಲಿಡಿ. ಬರುವ ವರ್ಷ 3 ಇಂಚು ಕಾಂಕ್ರೀಟು.

ಜೆಲ್ಲಿ_ಸಿಮೆಂಟ್

ಮೇಲಿನವರು ಹೇಳಿದ ಕ್ರಮ ಸರಿ. ಕಾರಣವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಕರಾವಳಿ ಮತ್ತು ಅದರ ಒಳನಾಡಿನ ಸಾವಿರಾರು ಮನೆಗಳ ಸಮಸ್ಯೆ.

ನೀವು ವಿವರಿಸಿದ ಬಣ್ಣ ಬೆರೆತ ಮೆತ್ತನೆ ಮಣ್ಣು ಶೇಡಿ ಮಣ್ಣು. ಮುರಕಲ್ಲಿನ ಪದರದ ಕೆಳಗೆ, ಬಂಡೆಗಿಂತ ಮೇಲೆ ಸಿಗುತ್ತದೆ. ಒಣಗಿದಾಗ ಪಿಕಾಸಿಗೂ ಬಗ್ಗದ ಹಾಗೆ ಗಟ್ಟಿ. ಅದಕ್ಕೇ ಬೇಸಿಗೆಯಲ್ಲಿ ಜೆಸಿಬಿ ನೆಟ್ಟಗೆ ಕಡಿದರೂ ನಿಲ್ಲುತ್ತದೆ, ಕಡಿದವರಿಗೂ ಧೈರ್ಯ ಬರುತ್ತದೆ. ನೀರು ಕುಡಿದ ಮೇಲೆ ಅದೇ ಮಣ್ಣು ಬಲವನ್ನೆಲ್ಲ ಕಳೆದುಕೊಂಡು ಸಡಿಲವಾಗುತ್ತದೆ. ಮೇಲಿನ ಮುರದಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ನೀರು ಸಲೀಸಾಗಿ ಇಳಿದು ಶೇಡಿಯ ಮೇಲ್ಮೈಗೆ ತಲುಪುತ್ತದೆ. ಶೇಡಿ ನೀರನ್ನು ಬೇಗ ಬಿಡುವುದಿಲ್ಲ, ಹಾಗಾಗಿ ಎರಡು ಪದರ ಸೇರುವ ಗೆರೆಯಲ್ಲೇ ನೀರು ಅಡ್ಡಕ್ಕೆ ಹರಿದು ಧರೆಯ ಮುಖದಲ್ಲಿ ಒಸರುತ್ತದೆ. ಒಸರುವಾಗ ನುಣುಪು ಕಣಗಳನ್ನೂ ಹೊತ್ತು ತರುತ್ತದೆ, ಒಳಗೆ ಕೊಳವೆಯಂತಹ ಪೊಳ್ಳು ಆಗುತ್ತದೆ. ನಿಮ್ಮಲ್ಲಿ ಮುರ ಚಾಚಿ ನಿಂತಿರುವುದು ಈ ಕಾರಣಕ್ಕೆ. ಒಂದು ದಿನ ಆ ಮುರ ದೊಡ್ಡ ಗುಂಡುಗಳಾಗಿ ಕಳಚಿ ಬೀಳುತ್ತದೆ, ಅಂತರ ಇರುವುದು ಬರೀ 7 ಅಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಶೇಡಿಯಿಂದ ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ಕೆತ್ತಿ, ನೆರಳಲ್ಲಿ ಪೂರ್ತಿ ಒಣಗಿಸಿ. ಗಾಜಿನ ಲೋಟದಲ್ಲಿ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತುಂಬಿ, ಉಂಡೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ, ಲೋಟ ಅಲುಗಿಸಬೇಡಿ. 10 ನಿಮಿಷಕ್ಕೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ನೋಡಿ. ಉಂಡೆ ಹಾಗೇ ಉಳಿದರೆ ಒಳ್ಳೆಯದು. ಕುಸಿದು ಪುಡಿಯಾಗಿ ತಳದಲ್ಲಿ ಕೂತು, ನೀರು ತಿಳಿಯಾಗಿಯೇ ಇದ್ದರೆ ಅದು ನೆನೆದರೆ ಸಡಿಲಾಗುವ ಮಣ್ಣು. ಉಂಡೆಯ ಸುತ್ತ ಹಾಲಿನಂತಹ ಬಗ್ಗಡ ಎದ್ದು ತಳದಲ್ಲಿ ಹರಡಿದರೆ ಅದು ನೀರಿನಲ್ಲಿ ತಾನಾಗಿ ಚದುರುವ ಮಣ್ಣು, ಸಣ್ಣ ಒಸರು ಸಾಕು ಒಳಗೇ ಕೊರೆದುಕೊಳ್ಳಲು. ನಲ್ಲಿ ನೀರಿನಲ್ಲಿ ಕರಗಿದ ಲವಣ ಇರುವುದರಿಂದ ಬಗ್ಗಡ ಏಳದೆ ಹೋಗಬಹುದು, ಅದಕ್ಕೇ ಡಿಸ್ಟಿಲ್ಡ್ ನೀರು.

ಇನ್ನು ಗೋಡೆ. ನೀರು ಹೊರಬರಲು ದಾರಿ ಇಲ್ಲದ 6 ಅಡಿ ಗೋಡೆಯ ಹಿಂದೆ ಪೂರ್ತಿ ನೀರು ನಿಂತರೆ, ಗೋಡೆಯ ಪ್ರತಿ ಅಡಿ ಉದ್ದಕ್ಕೆ ನೀರಿನ ನೂಕು ಒಂದೇ ಸುಮಾರು 500 ಕೆ.ಜಿ., ಮಣ್ಣಿನ ನೂಕು ಬೇರೆ. ಎತ್ತರ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. 14 ಅಡಿಗೆ ಪ್ರತಿ ಅಡಿ ಉದ್ದಕ್ಕೆ ಎರಡೂಮುಕ್ಕಾಲು ಟನ್. ನಿಮ್ಮ ಮುಂದಿನ ಪಾಗಾರ 9 ಇಂಚು ದಪ್ಪ, 6 ಅಡಿ ಎತ್ತರ ಅಂದರೆ ಅಡಿಗೆ ಅದರ ತೂಕ 300 ಕೆ.ಜಿ. ಆಸುಪಾಸು. ಹೊಟ್ಟೆ ಬಾರದೆ ಏನಾದೀತು? ಅದು ಬೇಲಿಯಾಗಿ ಕಟ್ಟಿದ ಗೋಡೆ, ಮಣ್ಣು ತಡೆಯಲು ಕಟ್ಟಿದ್ದಲ್ಲ.

ಇಂಗಿಸಿ_ನೋಡಿ

ನೀರನ್ನೆಲ್ಲ ಕಣಿಯಲ್ಲಿ ಹೊರಗೆ ಕಳಿಸಿ ಎನ್ನುವುದನ್ನು ನಾನು ಒಪ್ಪಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟು ಮಳೆ ಸುರಿದೂ ಮಾರ್ಚಿಗೆ ಬಾವಿ ತಳ ಕಾಣುವ ಊರುಗಳು ನಮ್ಮವು. ಮೇಲೆ 25 ಅಡಿ ಜಾಗ ಇದೆ. ಅಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಇಂಗುಗುಂಡಿಗಳನ್ನು ಸಾಲಾಗಿ ತೋಡಿದರೆ ಹರಿವಿನ ರಭಸವೂ ಇಳಿಯುತ್ತದೆ, ಅಂತರ್ಜಲವೂ ಏರುತ್ತದೆ. ಮಣ್ಣು ಕೊಚ್ಚಣೆಗೆ ಇದೇ ಮೂಲ ಪರಿಹಾರ ಅಲ್ಲವೇ?

ಜೆಲ್ಲಿ_ಸಿಮೆಂಟ್

ಇಂಗಿಸುವುದು ಬೇಕು ಸಾರ್. ಎಲ್ಲಿ ಇಂಗಿಸುತ್ತೇವೆ ಎನ್ನುವುದರ ಮೇಲೆ ಈ ಮನೆಯ ಭವಿಷ್ಯ ನಿಂತಿದೆ. ನೆಟ್ಟಗೆ ಕಡಿದ ಧರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡಿದರೆ ಮುರದ ಮೂಲಕ ಶೇಡಿಗೆ ನೀರು ಕುಡಿಸಿದಂತೆ. ಮೇಲ್ಮಣ್ಣಿನ ಕೊಚ್ಚಣೆ ಕಡಿಮೆಯಾಗುತ್ತದೆ, ಅದರ ಬದಲಿಗೆ ಇಡೀ ಧರೆ ಕೂರುವ ಅಪಾಯ ಹೆಚ್ಚುತ್ತದೆ. ಕಡಿಯದ, ನಿಧಾನ ಇಳಿಜಾರಿನ, ಗಿಡಮರ ತುಂಬಿದ ಗುಡ್ಡದಲ್ಲಿ ನೀವು ಹೇಳಿದ್ದು ಬಹಳ ಒಳ್ಳೆಯ ಕೆಲಸ. ಕಡಿದ ಧರೆಯ ತಲೆಯ ಮೇಲೆ ಮಾತ್ರ ಬೇಡ.

ಶೌಚದ ಇಂಗುಗುಂಡಿ, ಬಚ್ಚಲ ನೀರಿನ ಗುಂಡಿ, ಧರೆಯ ಮೇಲಿಟ್ಟ ನೀರಿನ ಟ್ಯಾಂಕಿನ ಓವರ್‌ಫ್ಲೋ, ತೋಟಕ್ಕೆ ಹೋಗುವ ಸ್ಪ್ರಿಂಕ್ಲರ್ ಪೈಪಿನ ಸೋರಿಕೆ, ಇವಕ್ಕೂ ಇದೇ ಮಾತು ಅನ್ವಯ. ಮಳೆ ಇಲ್ಲದ ಫೆಬ್ರವರಿಯಲ್ಲಿ ಧರೆ ಒಂದು ಕಡೆ ಒದ್ದೆ ಇದ್ದರೆ ಮೊದಲು ಇವನ್ನು ಹುಡುಕಬೇಕು.

ತೋಡು_ಕಣಿ

ಇಂಗಿಸಿ_ನೋಡಿ ಅವರ ಕಾಳಜಿಗೆ ಇಲ್ಲಿ ಬೇರೆ ದಾರಿ ಉಂಟು. ಕುಮಾರಧಾರೆ ಅವರೇ, ನಿಮ್ಮ ಬಾವಿ ಎಲ್ಲಿ? ಅಂಗಳಕ್ಕಿಂತ ಕೆಳಗಿದ್ದರೆ ಮಾಡಿನ ನೀರನ್ನು ಸೋಸಿ ಬಾವಿಗೇ ಬಿಡಬಹುದು. 1,000 ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗೂ ಮಿಕ್ಕಿ ನೀರು. ಈಗ ಅದಷ್ಟೂ ಸೂರಿನಿಂದ ನೇರ ಅಂಗಳಕ್ಕೆ ಹೊಡೆಯುತ್ತಿದೆ, ಮೂಲೆಯಲ್ಲಿ ಎರಡು ಮಾಡು ಸೇರುವ ಕಡೆ ಒಟ್ಟಾಗಿ ಬೀಳುತ್ತಿದೆ. ಪಂಚಾಂಗ ತೆರೆದುಕೊಂಡ ಎಡ ಮೂಲೆಯ ಮೇಲೆ ನೋಡಿ, ಮಾಡಿನ ಓಣಿ ಇರಲೇಬೇಕು.

ಕುಮಾರಧಾರೆ_ಬದಿ

ಹೌದು, ಸರಿಯಾಗಿ ಅದೇ ಮೂಲೆಗೆ ಎರಡು ಮಾಡಿನ ಓಣಿ ಇಳಿಯುತ್ತದೆ. ಬಾವಿ ಎಡ ಮೂಲೆಯ ಕೆಳಗೆ, ಮನೆಯಿಂದ 35 ಅಡಿ ದೂರ, ಅಂಗಳಕ್ಕಿಂತ 8 ಅಡಿ ತಗ್ಗಿನಲ್ಲಿ.

ತೋಡು_ಕಣಿ

ಒಳ್ಳೆಯದಾಯ್ತು. 6 ಇಂಚಿನ ಅರ್ಧಗೋಲ ಪಿವಿಸಿ ದಂಬೆ, ಪ್ರತಿ 2 ಅಡಿಗೆ ಒಂದು ಹುಕ್ಕು. ಹುಕ್ಕು ದೂರ ದೂರ ಹಾಕಿದರೆ ದಂಬೆ ಜಗ್ಗಿ ನೀರು ನಡುವಿನಿಂದಲೇ ಉಕ್ಕುತ್ತದೆ. ಪ್ರತಿ 10 ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು. 500 ಚದರಡಿಗೆ ಒಂದರಂತೆ 4 ಇಂಚಿನ ಇಳಿಪೈಪು. ಓಣಿ ಬೀಳುವ ಮೂಲೆಯಲ್ಲಿ ದಂಬೆಯ ಹೊರ ಅಂಚಿಗೆ 6 ಇಂಚು ಎತ್ತರದ ತಗಡು ಕಟ್ಟಿ, ಇಲ್ಲದಿದ್ದರೆ ಜೋರು ಮಳೆಗೆ ನೀರು ದಂಬೆಯನ್ನು ಹಾರಿ ಆಚೆ ಬೀಳುತ್ತದೆ.

ಸೋಸುವ ತೊಟ್ಟಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ತಳಕ್ಕೆ 9 ಇಂಚು 40 ಮಿ.ಮೀ. ಜೆಲ್ಲಿ, ಮೇಲೆ 9 ಇಂಚು 20 ಮಿ.ಮೀ. ಜೆಲ್ಲಿ, ನೈಲಾನ್ ಬಲೆ, ಅದರ ಮೇಲೆ 9 ಇಂಚು ತೊಳೆದ ಮರಳು. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಲು ಒಂದು ಕವಲು, ಮುಚ್ಚಳ. ತೊಟ್ಟಿ ಪಂಚಾಂಗದಿಂದ 10 ಅಡಿಯಾದರೂ ದೂರ ಇರಲಿ. ಮಳೆಗಾಲದ ನಡುವೆ ಬಾವಿ ತುಂಬಿದ ಮೇಲೆ ಕವಲನ್ನು ತೋಡಿನ (ಹಳ್ಳದ) ಕಡೆಗೆ ತಿರುಗಿಸಬೇಕು, ತುಂಬಿದ ಬಾವಿಗೆ ಮತ್ತೆ ನೀರು ಬಿಟ್ಟರೆ ಬಾವಿಕಟ್ಟೆಯ ಸುತ್ತಲ ಮಣ್ಣು ಕೂರುತ್ತದೆ.

ಇಂಗಿಸಿ_ನೋಡಿ

ಶೇಡಿ ಪದರದ ವಿಷಯ ಅರ್ಥವಾಯಿತು. ಈ ಜಾಗಕ್ಕೆ ಬಾವಿಗೆ ಬಿಡುವುದೇ ಸರಿಯಾದ ದಾರಿ. ಮರಳಿನ ಮೇಲಿನ ಒಂದಿಂಚು ಪ್ರತಿ ವರ್ಷ ಮೇ ತಿಂಗಳಲ್ಲಿ ಕೆರೆದು ತೆಗೆದು ಹೊಸದು ಹಾಕಿ. ಬಲೆ ಇಲ್ಲದಿದ್ದರೆ ಮರಳು ಜೆಲ್ಲಿಯೊಳಗೆ ಇಳಿದು ಒಂದೇ ವರ್ಷಕ್ಕೆ ಕಟ್ಟಿಕೊಳ್ಳುತ್ತದೆ.

ಮಡಿಕೇರಿ_ಮಂಜು

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಗುರುತಿಸಿದ ಕಾರಣಗಳಲ್ಲಿ ರಸ್ತೆಗೆ, ಮನೆಗೆ ಇಳಿಜಾರನ್ನು ಕಡಿದದ್ದೂ ಸೇರಿತ್ತು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಕುಸಿದದ್ದೂ ಹೆದ್ದಾರಿ ಪಕ್ಕದ ಗುಡ್ಡವೇ. ಆದ್ದರಿಂದ ಈ ಮಳೆಗಾಲ ನೀವು ಏನೇ ಮಾಡಿದರೂ ಕೆಳಗಿನ ಗುರುತುಗಳ ಮೇಲೆ ಕಣ್ಣಿಡಿ.

ನೆತ್ತಿಯಲ್ಲಿ ಧರೆಗೆ ಸಮಾನಾಂತರವಾಗಿ ಅಥವಾ ಬಿಲ್ಲಿನಾಕಾರದಲ್ಲಿ ಬಿರುಕು. ನೇರ ಇದ್ದ ಮರ, ಕರೆಂಟು ಕಂಬ ವಾಲುವುದು. ಒಸರಿನ ನೀರು ತಿಳಿಯಾಗಿದ್ದದ್ದು ಇದ್ದಕ್ಕಿದ್ದಂತೆ ಕೆಸರಾಗುವುದು ಅಥವಾ ಜೋರು ಮಳೆಯಲ್ಲೂ ಥಟ್ಟನೆ ನಿಲ್ಲುವುದು. ನಿಂತರೆ ಸಮಾಧಾನಪಡಬೇಡಿ, ಒಳಗೆ ದಾರಿ ಮುಚ್ಚಿ ನೀರು ಕಟ್ಟಿಕೊಳ್ಳುತ್ತಿದೆ ಎಂದರ್ಥ. ಹಿಂಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಹೊಸ ಬಿರುಕು.

ನೆತ್ತಿಯಲ್ಲಿ ಬಿರುಕು ಕಂಡರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ಗೂಟದ ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಟೇಪು ಹಿಡಿದು ದಿನಾಲೂ ಒಂದೇ ಹೊತ್ತಿಗೆ ಅಳೆಯಿರಿ. ಬಿರುಕಿಗೆ ಜೇಡಿಮಣ್ಣು ತುಂಬಿ ಕುಟ್ಟಿ, ಮೇಲೆ ತಾರ್ಪಾಲು ಹಾಸಿ. ಸಿಮೆಂಟು ಸುರಿಯಬೇಡಿ, ಮಣ್ಣು ಸರಿದಾಗ ಅದು ಬಿಟ್ಟುಕೊಂಡು ಪಕ್ಕದಲ್ಲಿ ಹೊಸ ಸಂದು ಆಗುತ್ತದೆ. ಅಂತರ ಹೆಚ್ಚುತ್ತಿದೆ ಎಂದಾದರೆ ಅಂದೇ ಮನೆ ಬಿಡಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ತಿಳಿಸಿ. ಜೋರು ಮಳೆಯ ರಾತ್ರಿಗಳಲ್ಲಿ ಧರೆ ಕಡೆಯ ಕೋಣೆಯಲ್ಲಿ ಯಾರೂ ಮಲಗಬಾರದು. ಈ ಒಂದಕ್ಕೆ ಖರ್ಚೇ ಇಲ್ಲ, ದಯವಿಟ್ಟು ಪಾಲಿಸಿ.

ಮಳೆಗಾಲದಲ್ಲಿ ಬುಡಕ್ಕೆ ಮಣ್ಣು ಜರಿದು ಬಿದ್ದರೆ ಜೆಸಿಬಿ ತರಿಸಿ ಪೂರ್ತಿ ಬಾಚುವವರಿದ್ದಾರೆ. ಬಿದ್ದ ಮಣ್ಣೇ ಬುಡಕ್ಕೆ ಆಸರೆಯಾಗಿ ನಿಂತಿರುತ್ತದೆ, ಅದನ್ನು ತೆಗೆದರೆ ಮೇಲಿನದು ಮತ್ತೆ ಇಳಿಯುತ್ತದೆ. ನೀರು ಹೋಗುವಷ್ಟು ಕಣಿ ಬಿಡಿಸಿ, ಉಳಿದದ್ದು ನವೆಂಬರ್‌ವರೆಗೆ ಹಾಗೇ ಇರಲಿ.

ಕುಮಾರಧಾರೆ_ಬದಿ

ಚಾಚಿದ ಮುರ ಮತ್ತು ಅಕೇಶಿಯಾ ಮರಗಳನ್ನು ಈಗಲೇ ತೆಗೆಯಬೇಕಾ? ಮರದ ಬೇರು ಮಣ್ಣು ಹಿಡಿದಿಡುತ್ತದೆ ಎನ್ನುತ್ತಾರಲ್ಲ.

ಹಿತ್ತಲ_ಹಸುರು

ಬೇರು ಹಿಡಿದಿಡುವುದು ಹೌದು, ಆದರೆ ಅಂಚಿನಲ್ಲಿ ನಿಂತ ಎತ್ತರದ ಮರ ಗಾಳಿಗೆ ತೂಗಿ ಬುಡದ ಮಣ್ಣನ್ನು ಸಡಿಲ ಮಾಡುತ್ತದೆ. ಅಕೇಶಿಯಾದ ಬೇರು ಹೆಚ್ಚಾಗಿ ಮೇಲ್ಪದರದಲ್ಲೇ ಹರಡುವುದು. ಧರೆಯ ಎತ್ತರದಷ್ಟು ದೂರದೊಳಗಿನ, ಅಂದರೆ ನಿಮ್ಮಲ್ಲಿ ನೆತ್ತಿಯಿಂದ 14 ಅಡಿಯೊಳಗಿನ ದೊಡ್ಡ ಮರಗಳನ್ನು ಕಡಿಯಿರಿ. ಬುಡ ಮಾತ್ರ ಕೀಳಬೇಡಿ, ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ. ಬುಡ ಕಿತ್ತರೆ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಉಳಿದ ಬೇರು ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ, ಅಷ್ಟರೊಳಗೆ ಬದಲಿ ಬೇರು ಅಲ್ಲಿರಬೇಕು.

ಬದಲಿ ಅಂದರೆ ಲಾವಂಚ. ಬೇರು ಅಡ್ಡಕ್ಕೆ ಹರಡದೆ ನೆಟ್ಟಗೆ 2–3 ಮೀಟರ್ ಇಳಿಯುತ್ತದೆ. ಗುಂಡ್ಲುಪೇಟೆ ಕಡೆ ಹೊಲದ ಬದುಗಳಲ್ಲಿ ಇದನ್ನು ಬಹಳ ಹಿಂದಿನಿಂದ ಬಳಸುತ್ತಾರೆ. ಎರಡು ಮೂರು ಕವಲಿರುವ ಬುಡಗಳನ್ನು ಬಿಡಿಸಿ, ಎಲೆಯನ್ನು 8 ಇಂಚಿಗೆ, ಬೇರನ್ನು 2 ಇಂಚಿಗೆ ಕತ್ತರಿಸಿ ನೆಡಬೇಕು. ಬುಡದಿಂದ ಬುಡಕ್ಕೆ 4–6 ಇಂಚು. ಒಂದು ಅಡಿ ಬಿಟ್ಟು ನೆಟ್ಟರೆ ಸಂದಿನಲ್ಲಿ ನೀರು ನುಗ್ಗಿ ಅಲ್ಲೇ ಹೊಸ ಕೊರಕಲು ಬೀಳುತ್ತದೆ, ಸೋಲುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಸಾಲುಗಳು ಸಮಪಾತಳಿಯಲ್ಲಿ, ಸಾಲಿಂದ ಸಾಲಿಗೆ ಎತ್ತರದ ಅಂತರ 3–4 ಅಡಿ. 30 ಅಡಿಯ ಒಂದು ಸಾಲಿಗೆ 60ರಿಂದ 90 ಬುಡ, ನಾಲ್ಕು ಸಾಲಿಗೆ 300ರ ಹತ್ತಿರ. ಶೇಡಿಯಲ್ಲಿ ಸತ್ವವೇ ಇಲ್ಲ, ಪ್ರತಿ ಬುಡಕ್ಕೆ ಒಂದು ಹಿಡಿ ಕೊಳೆತ ಹಟ್ಟಿಗೊಬ್ಬರ ಬೇಕು. ಮಳೆ ಹಿಡಿದ ಮೊದಲ ವಾರದಲ್ಲಿ ನೆಡಿ. ಬಿಸಿಲು ಬೀಳದ ಕಡೆ ಲಾವಂಚ ಏಳುವುದಿಲ್ಲ, ರಬ್ಬರ್ ನೆರಳಿರುವ ಮೂಲೆಗೆ ಮುಂಡಿಗೆ (ಕೇದಗೆ ಜಾತಿಯ ಗಿಡ) ನೋಡಿ.

ನೆಟ್ಟಗೆ ಕಡಿದ ಮುಖಕ್ಕೆ ಇದನ್ನು ನೆಡಲು ಆಗುವುದಿಲ್ಲ, ಮೊದಲು ಇಳಿಜಾರು ಮಾಡಬೇಕು. ಈ ವರ್ಷ ನೆತ್ತಿಯಲ್ಲಿ ಒಂದೆರಡು ಸಾಲು, ಮುಂದಿನ ಅಂಗಳದ ಅಂಚಿಗೆ ಒಂದು ಸಾಲು ಸಾಕು. ಸಾಲು ಕೂಡಿಕೊಂಡು ಕೆಲಸ ಮಾಡಲು ಎರಡು ಮಳೆಗಾಲ ಬೇಕು. ಇನ್ನೊಂದು, ಹಳದಿ ಹೂವಿನ ನೆಲಬಳ್ಳಿಯನ್ನು ಚೆಂದಕ್ಕೆಂದು ಧರೆಗೆ ಬಿಡುತ್ತಾರೆ. ಹಸುರಾಗಿ ಕಾಣುತ್ತದೆ, ಬೇರು ಬೆರಳುದ್ದ. ಅಡಿಯಲ್ಲಿ ಬಿರುಕು ಬಿಟ್ಟರೂ ಕಾಣದಂತೆ ಮುಚ್ಚಿಡುತ್ತದೆ.

ಜೆಲ್ಲಿ_ಸಿಮೆಂಟ್

ಚಾಚಿದ ಮುರವನ್ನು ಮಳೆಗೆ ಮೊದಲೇ ಮೇಲಿನಿಂದ ಕೈಯಲ್ಲೇ ಇಳಿಸಿ, ಕೆಳಗೆ ಯಾರೂ ಇರಬಾರದು. ಕೆಲಸದವರ ಸೊಂಟಕ್ಕೆ ಹಗ್ಗ, ಹಗ್ಗ ಕಟ್ಟುವುದು ಹಿಂದಿನ ಗಟ್ಟಿ ಮರಕ್ಕೆ.

ತಾರ್ಪಾಲು ಹೊದೆಸುವಾಗ ಎಲ್ಲರೂ ತಪ್ಪುವುದು ಮೇಲಿನ ತುದಿಯಲ್ಲಿ. ಶೀಟು ನೆತ್ತಿಯಲ್ಲೇ ಮುಗಿದರೆ ನೀರು ಅದರ ಹಿಂದೆ ಇಳಿದು, ಕಣ್ಣಿಗೆ ಕಾಣದ ಹಾಗೆ ಧರೆಯನ್ನು ತಿನ್ನುತ್ತದೆ. ನೆತ್ತಿಯಿಂದ 4 ಅಡಿ ಹಿಂದಕ್ಕೆ ಒಯ್ದು, ಒಂದಡಿ ಆಳದ ಅಗಳಿನಲ್ಲಿ ತುದಿಯನ್ನು ಹೂತು ಮಣ್ಣು ಕುಟ್ಟಬೇಕು. 200 ಜಿಎಸ್ಎಂಗಿಂತ (ಚದರ ಮೀಟರಿಗೆ 200 ಗ್ರಾಂ) ತೆಳು ಬೇಡ. ಎರಡು ಶೀಟು ಸೇರುವಲ್ಲಿ ಒಂದೂವರೆ ಅಡಿ ಮೇಲುಗೂಡಲಿ. ಧರೆಯ ಮುಖಕ್ಕೆ ಗೂಟ ಹೊಡೆದು ತೂತು ಮಾಡುವುದಕ್ಕಿಂತ, ಮೇಲಿನಿಂದ ಹಗ್ಗದಲ್ಲಿ ಮರಳುಚೀಲ ಇಳಿಬಿಟ್ಟು ಒತ್ತಿಡಿ. ಶೀಟಿನ ಕೆಳತುದಿಯ ನೀರು ಬೀಳುವ ಜಾಗಕ್ಕೆ ಕಾಂಕ್ರೀಟಿನ ಕಣಿ ಇರಬೇಕು, ಇಲ್ಲದಿದ್ದರೆ ಅದೇ ನೀರು ಬುಡ ಕೊರೆಯುತ್ತದೆ.

ಶಾಶ್ವತ ಕೆಲಸ ಡಿಸೆಂಬರ್‌ನಿಂದ ಮಾರ್ಚ್‌ನೊಳಗೆ. 14 ಅಡಿಗೆ ಒಂದೇ ಗೋಡೆ ಎಬ್ಬಿಸುವುದು ದುಬಾರಿ, ಅಪಾಯವೂ ಹೌದು. ಮೇಲೆ 25 ಅಡಿ ಇರುವುದು ನಿಮ್ಮ ಪುಣ್ಯ. ಮೇಲಿನ ಭಾಗವನ್ನು ಎರಡು ಮೆಟ್ಟಿಲು ಮಾಡಿ: ಪ್ರತಿ ಮೆಟ್ಟಿಲು 4 ಅಡಿ ಎತ್ತರ, 4 ಅಡಿ ಅಗಲ. ಮುಖ ನೆಟ್ಟಗಿರದೆ 45 ಡಿಗ್ರಿಗೆ ಮಲಗಿರಲಿ. ಮೆಟ್ಟಿಲ ಮೇಲ್ಮೈ ಒಳಮುಖವಾಗಿ ಇಳಿದು, ಒಳಮೂಲೆಯಲ್ಲಿ ಕಾಂಕ್ರೀಟಿನ ಸಣ್ಣ ಕಣಿ. ಮುಖಕ್ಕೆ ತೆಂಗಿನ ನಾರಿನ ಬಲೆ, 700 ಜಿಎಸ್ಎಂ, ಅದರ ಕಣ್ಣುಗಳಲ್ಲಿ ಲಾವಂಚ. ಎರಡು ಮೂರು ವರ್ಷಕ್ಕೆ ಬಲೆ ಕರಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಕೆಳಗಿನ 6 ಅಡಿಗೆ ಮಾತ್ರ ಕಲ್ಲಿನ ಗೋಡೆ. ಕೊಟೇಶನ್ ಕೊಟ್ಟವರಿಂದ ಪೂರ್ತಿ ನಕ್ಷೆ ಕೇಳಿ, ಈ ಎತ್ತರಕ್ಕೆ ಜಾಗ ಬಂದು ನೋಡಿದ ಇಂಜಿನಿಯರ್ ಸಹಿ ಇಲ್ಲದೆ ಕೆಲಸ ಶುರು ಮಾಡಬೇಡಿ.

ಮೆಟ್ಟಿಲುಕಲ್ಲು

ಕಲ್ಲಿನ ಗೋಡೆ ನಮ್ಮ ಕಸುಬು, ಅದರ ವಿವರ ಬರೆಯುತ್ತೇನೆ. ಮುರಕಲ್ಲು ಬೇಡ, ಕಗ್ಗಲ್ಲು ತರಿಸಿ. 6 ಅಡಿಗೆ ಬುಡದ ಅಗಲ ಮೂರೂವರೆ ಅಡಿ, ತಲೆಯಲ್ಲಿ ಒಂದೂವರೆ ಅಡಿ, ಮುಖ ಧರೆಯ ಕಡೆಗೆ ಸ್ವಲ್ಪ ವಾಲಿರಲಿ. ಪಾಯ 2 ಅಡಿ ಆಳ, 4 ಅಡಿ ಅಗಲ. 30 ಅಡಿ ಉದ್ದಕ್ಕೆ ಗೋಡೆ 450, ಪಾಯ 240, ಒಟ್ಟು 690 ಘನ ಅಡಿ. ಬೆನ್ನಿಗೆ ಒಂದಡಿ ದಪ್ಪ ಜೆಲ್ಲಿ, ಅದು 180 ಘನ ಅಡಿ.

ಪಾಯವನ್ನು 30 ಅಡಿಗೂ ಒಮ್ಮೆಲೇ ಅಗೆಯಬಾರದು. ಧರೆಯ ಬುಡ ಒಂದೇ ಸಲ ತೆರೆದರೆ ಮೇಲಿನದೆಲ್ಲ ಕೂರುತ್ತದೆ, ಕೆಲಸದವರ ಜೀವ ಹೋಗುವುದು ಈ ಹಂತದಲ್ಲೇ. 6 ಅಡಿ ಅಗೆಯಿರಿ, ಮುಂದಿನ 6 ಅಡಿ ಬಿಡಿ, ಮತ್ತೆ 6 ಅಡಿ ಅಗೆಯಿರಿ. ಅಗೆದ ತುಂಡಿನಲ್ಲಿ ಗೋಡೆ 3 ಅಡಿ ಎದ್ದ ಮೇಲೆ ಬಿಟ್ಟ ತುಂಡಿಗೆ ಕೈ ಹಾಕಿ.

ಗೋಡೆಯ ಪೂರ್ತಿ ದಪ್ಪಕ್ಕೆ ಒಳಹೋಗುವ ಉದ್ದನೆ ಕಲ್ಲು ಪ್ರತಿ 3 ಅಡಿ ಉದ್ದಕ್ಕೆ, 2 ಅಡಿ ಎತ್ತರಕ್ಕೆ ಒಂದು ಇರಲೇಬೇಕು. ಇಲ್ಲದಿದ್ದರೆ ಮುಂದಿನ ಮುಖ, ಹಿಂದಿನ ಮುಖ ಎರಡು ಗೋಡೆಯಾಗಿ ಬಿಟ್ಟುಕೊಳ್ಳುತ್ತವೆ. ಗಾರೆ ಹಾಕಿ ಕಟ್ಟುವುದಾದರೆ 3 ಇಂಚಿನ ಪಿವಿಸಿ ಪೈಪು 4 ಅಡಿಗೊಂದು, ಮೇಲಿನ ಸಾಲು ಕೆಳಗಿನ ಸಾಲಿನ ನಡುವೆ ಬರುವಂತೆ, ಹೊರಗೆ ಒಂದಿಂಚು ತಗ್ಗಿರಲಿ. ಕೆಳಸಾಲು ನೆಲದಿಂದ ಅರ್ಧ ಅಡಿಯಷ್ಟೇ ಮೇಲಿರಬೇಕು. ಗೋಡೆ ಮುಗಿದು ಬಣ್ಣ ಹೊಡೆಯುವಾಗ ಈ ಕಿಂಡಿಗಳಿಗೆ ಸಿಮೆಂಟು ಮೆತ್ತಿ ಚೆಂದ ಮಾಡುವವರೂ ಇದ್ದಾರೆ, ಹಾಗೆ ಮಾಡಲು ಮಾತ್ರ ಬಿಡಬೇಡಿ.

ಎರೆಹೊಲ

ನಮ್ಮ ರಾಣೆಬೆನ್ನೂರು, ಧಾರವಾಡ ಕಡೆ ಎರೆಮಣ್ಣಿನವರು ಇದನ್ನ ಹಂಗ ಅನುಸರಿಸಬ್ಯಾಡ್ರಿ. ಎರೆ ನೀರು ಕುಡಿದರ ಉಬ್ಬತೈತಿ, ಒಣಗಿದರ ಬಿರೀತೈತಿ. ಪಾಯದ ಪಕ್ಕ ಎರೆಮಣ್ಣನ್ನೇ ತುಂಬಬಾರದು, ಗರಸು ತುಂಬಿ ಕುಟ್ಟಬೇಕು. ಮನಿ ಸುತ್ತ 4 ಅಡಿ ಅಗಲದ ಕಟ್ಟೆ ಬೇಕು, ಗ್ವಾಡಿಗೆ ಹತ್ತಿ ನೀರು ಹಾಕೋ ಗಿಡ ಬ್ಯಾಡ.

ಕುಮಾರಧಾರೆ_ಬದಿ

ಮುಂದಿನ ಅಂಗಳದ ವಿಷಯ ಉಳಿಯಿತು. ಇಂಟರ್‌ಲಾಕ್ ಈ ವರ್ಷ ಬೇಡವೆಂದರೆ ತೆರೆದ ಪಂಚಾಂಗಕ್ಕೆ, ಹೊಟ್ಟೆ ಬಂದ ಪಾಗಾರಕ್ಕೆ ಏನು ಮಾಡಲಿ? ಪರೀಕ್ಷೆಯೂ ಮಾಡಿದೆ: ಎರಡು ಗಂಟೆಗೆ ಉಂಡೆ ಪೂರ್ತಿ ಕುಸಿಯಿತು, ತಳದಲ್ಲಿ ಬಿಳಿ ಬಗ್ಗಡ ಹರಡಿತು.

ಜೆಲ್ಲಿ_ಸಿಮೆಂಟ್

ಹಾಗಿದ್ದರೆ ಶೇಡಿ ಚದುರುವ ಜಾತಿಯದೇ. ಮೇಲಿನ ಕಣಿ ಈ ವಾರವೇ ಶುರುವಾಗಲಿ. ಗೋಡೆಯ ಬೆನ್ನಿನ ಜೆಲ್ಲಿಗೂ ಶೇಡಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಕಡ್ಡಾಯ, ಇಲ್ಲದಿದ್ದರೆ ನುಣುಪು ಮಣ್ಣು ಜೆಲ್ಲಿಯನ್ನು ಕಟ್ಟಿಹಾಕುತ್ತದೆ. ಈ ಮಣ್ಣನ್ನು ಮುಂದಿನ ಅಂಗಳ ತುಂಬಲೂ ಬಳಸಬೇಡಿ, ಕಣಿ ಅಗೆದಾಗ ಸಿಗುವ ಮೇಲಿನ ಮುರಮಣ್ಣು ಮಾತ್ರ.

ಪಂಚಾಂಗ: ಕಲ್ಲು ಬದಿಯಲ್ಲಿ ಮಾತ್ರ ಕಾಣುತ್ತದೆಯೋ, ಅಡಿಯ ಮಣ್ಣೂ ಹೋಗಿದೆಯೋ ನೋಡಬೇಕು. ಕಬ್ಬಿಣದ ಸರಳನ್ನು ಓರೆಯಾಗಿ ತಳಕ್ಕೆ ಚುಚ್ಚಿ. ಸಲೀಸಾಗಿ ಒಳಹೋದರೆ ಅಡಿ ಪೊಳ್ಳು. ಆಗ 3 ಅಡಿಯ ತುಂಡು ತುಂಡಾಗಿ, ಒಂದು ಬಿಟ್ಟು ಒಂದರಂತೆ ಬಿಡಿಸಿ, ಸಡಿಲ ಮಣ್ಣು ತೆಗೆದು 1:3:6 (ಸಿಮೆಂಟು, ಮರಳು, ಜೆಲ್ಲಿ) ಕಾಂಕ್ರೀಟನ್ನು ಬಿಗಿಯಾಗಿ ತುಂಬಬೇಕು. ಅಡಿ ಗಟ್ಟಿ ಇದ್ದರೆ ಮುರಮಣ್ಣನ್ನು 6 ಇಂಚಿನ ಪದರವಾಗಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಮಾತ್ರ ಹಸಿ ಮಾಡಿ, ಗುದ್ದಲಿಯ ಬೆನ್ನಿನಿಂದಲ್ಲ, ರ‍್ಯಾಮರಿನಿಂದ ಕುಟ್ಟಿ. ಗೋಡೆಯಿಂದ 10 ಅಡಿಗೆ 6 ಇಂಚು ಇಳಿಜಾರು ಬರಬೇಕು. ಅದರ ಮೇಲೆ ಗೋಡೆಗೆ ಹತ್ತಿ 3 ಅಡಿ ಅಗಲ, 3 ಇಂಚು ದಪ್ಪ ಕಾಂಕ್ರೀಟು. ಗೋಡೆಗೂ ಅದಕ್ಕೂ ನಡುವಿನ ಸಂದಿಗೆ ಡಾಂಬರು.

ಪಾಗಾರ: ಹೊಟ್ಟೆ ಬಂದ ಗೋಡೆಗೆ ಹೊರಗಿನಿಂದ ಪ್ಲಾಸ್ಟರು ಹಾಕಿ ಉಪಯೋಗವಿಲ್ಲ. ಬೆನ್ನಿನ ಮಣ್ಣನ್ನು ಮೇಲಿನ 3 ಅಡಿಯಷ್ಟು ತೆಗೆದು, ಅಂಗಳದ ಕಡೆಗೆ ಓರೆ ಮಾಡಿ ಭಾರ ಇಳಿಸಿ. ಬುಡದಲ್ಲಿ 4 ಅಡಿಗೊಂದು ಕಿಂಡಿ ಕೊರೆಯಿರಿ, ಗೋಡೆಯ ಕೆಳಗೆ ಯಾರೂ ಓಡಾಡದಂತೆ ಅಡ್ಡ ಕಟ್ಟಿ. ಮಳೆ ಮುಗಿದ ಮೇಲೆ ಬಿಚ್ಚಿ, ಮೆಟ್ಟಿಲುಕಲ್ಲು ಅವರು ಹೇಳಿದ ಅಳತೆಯಲ್ಲೇ ಕಟ್ಟಿ.

ಇಂಟರ್‌ಲಾಕ್ ತುಂಬಿದ ಮಣ್ಣು ಕೂತ ಮೇಲೆ. ಈಗ ಹಾಕಿದರೆ ಹೊರ ಅಂಚಿನಲ್ಲಿ ಹಾಸಿದ ಮರಳು ತೊಳೆದುಹೋಗಿ, ಮೇಲೆ ಕಲ್ಲು ಸರಿಯಾಗಿ ಕಾಣುತ್ತ ಅಡಿ ಪೊಳ್ಳಾಗುತ್ತದೆ. ಹಾರೆಯ ಬೆನ್ನಿನಿಂದ ತಟ್ಟಿದರೆ ಡಬಡಬ ಸದ್ದು ಬರುತ್ತದೆ.

ಹಿತ್ತಲ_ಹಸುರು

ಈ ಮಳೆಗಾಲಕ್ಕೆ ಅಂಗಳಕ್ಕೆ ಹಳೆಯ ಕ್ರಮವೇ ಸಾಕು. ಹೆಣೆಯದ ತೆಂಗಿನ ಮಡಲು, ಅಡಿಕೆ ಸೋಗೆ ಎರಡು ಪದರ ಹಾಸಿ, ಮೇಲೆ ಅಡಿಕೆ ಸಲಾಕೆ ಅಡ್ಡ ಇಟ್ಟು ಗೂಟ ಹೊಡೆಯಿರಿ. ಹನಿಯ ಹೊಡೆತ ಮಣ್ಣಿಗೆ ತಾಗಬಾರದು, ಕೊಚ್ಚಣೆ ಶುರುವಾಗುವುದೇ ಅಲ್ಲಿ. ಎರಚಲು ಹೊಡೆಯುವ ಬದಿಯ ಗೋಡೆಗೆ ಮಡಲಿನ ತಟ್ಟಿ ಕಟ್ಟಿ. ಮಳೆಗಾಲ ಮುಗಿಯುವವರೆಗೆ ಅಂಗಳವನ್ನು ಕಡ್ಡಿಹಿಡಿಯಿಂದ ಬರಗಿ ಗುಡಿಸಬೇಡಿ, ಹುಟ್ಟುವ ಗರಿಕೆ ಹಬ್ಬಲಿ.

ಕುಮಾರಧಾರೆ_ಬದಿ

ರಬ್ಬರ್ ತೋಟದಲ್ಲಿ ಗಡಿಗೆ ಹತ್ತಿರವೇ ಮೂರು ಸಾಲು ನೀರಿಂಗುವ ಗುಂಡಿಗಳಿವೆ. ಪಕ್ಕದವರ ಹತ್ತಿರ ಏನು ಕೇಳಬೇಕು? ಮೇಲಿನ ಕಣಿಯ ನೀರು ಬಲಬದಿಯ ತೋಡಿಗೆ ಹೋಗಬಹುದು, ಆದರೆ ಅಲ್ಲಿಗೆ 16 ಅಡಿ ಇಳಿತ.

ತೋಡು_ಕಣಿ

ನಿಮ್ಮ ಗಡಿಗೆ ಹತ್ತಿರದ ಒಂದು ಸಾಲನ್ನು ಮುಚ್ಚಿ ಕುಟ್ಟಲು ಕೇಳಿ, ಎರಡನೇ ಸಾಲಿನ ಉಕ್ಕು ನಿಮ್ಮ ಕಣಿಗೆ ಬರುವಂತೆ ಒಂದು ಬಾಯಿ ಬಿಡಿಸಿ. ಅವರ ಫಲವತ್ತು ಮಣ್ಣೂ ಹೋಗುವುದಿಲ್ಲ, ನಿಮ್ಮ ಧರೆಗೂ ನೀರು ಇಳಿಯುವುದಿಲ್ಲ. ಗುಂಡಿ ಮುಚ್ಚುವ ಕೂಲಿ ನೀವೇ ಕೊಡಿ, ಮಾತು ಸುಲಭವಾಗುತ್ತದೆ.

16 ಅಡಿ ಇಳಿತಕ್ಕೆ ನೀರನ್ನು ಬಿಟ್ಟುಕೊಟ್ಟರೆ ಒಂದೇ ಮಳೆಗಾಲದಲ್ಲಿ ಕೊರಕಲು ಬಿದ್ದು ನಿಮ್ಮ ಬಲಗಡೆಯ ಗಡಿ ಹೋಗುತ್ತದೆ. ಈ ವರ್ಷಕ್ಕೆ 10 ಇಂಚಿನ ಎಚ್‌ಡಿಪಿಇ ಪೈಪು ಇಳಿಸಿ. ಪೈಪಿನ ಬಾಯಿಗೆ ಮೊದಲು 2 ಅಡಿ ಚೌಕದ ಕಲ್ಲಿನ ತೊಟ್ಟಿ ಕಟ್ಟಿ, ಮುಂದೆ ಎರಡಿಂಚು ಸಂದಿರುವ ಸರಳಿನ ಜಾಲರಿ ಓರೆಯಾಗಿ ನಿಲ್ಲಿಸಿ. ಎಲೆ ಕಟ್ಟುವುದು ಅಲ್ಲೇ, ಜೋರು ಮಳೆ ಬರುವ ದಿನ ಬೆಳಿಗ್ಗೆ ಸಂಜೆ ಬಿಡಿಸಬೇಕು. ಪೈಪನ್ನು ಪ್ರತಿ 6 ಅಡಿಗೆ ಎರಡು ಗೂಟದ ನಡುವೆ ತಂತಿಯಿಂದ ಬಿಗಿಯಿರಿ, ತುಂಬಿ ಹರಿಯುವಾಗ ಪೈಪು ಹಾರುತ್ತದೆ. ಕೆಳಬಾಯಿ ತೋಡಿನ ಹರಿವಿನ ದಿಕ್ಕಿಗೇ ತಿರುಗಿರಲಿ, ಎದುರು ದಡಕ್ಕೆ ಹೊಡೆಯಬಾರದು. ಅಲ್ಲಿ 4 ಅಡಿ ಅಗಲ, 6 ಅಡಿ ಉದ್ದಕ್ಕೆ 9 ಇಂಚು ಗಾತ್ರದ ಕಗ್ಗಲ್ಲು, ಅಡಿಗೆ ಅದೇ ಜಿಯೋಟೆಕ್ಸ್‌ಟೈಲ್ ಬಟ್ಟೆಯ ತುಂಡು. ಬರುವ ಬೇಸಿಗೆಯಲ್ಲಿ ಪೈಪಿನ ಜಾಗಕ್ಕೆ ಒಂದೊಂದು ಅಡಿಯ ಮೆಟ್ಟಿಲು ಕಣಿ ಕಟ್ಟಿಸಿ, ತೊಟ್ಟಿಯನ್ನು ಹಾಗೇ ಉಳಿಸಿಕೊಳ್ಳಬಹುದು.